ಟ್ಯಾಂಕಿನ ಪಕ್ಕ ನಿಂತರೆ ಎರಡು ಕಡ್ಡಿ

ಕೊಡಗಿನ ನಾಪೋಕ್ಲು ಕಡೆ ಇರುವ ನಮ್ಮ ದೊಡ್ಡಮ್ಮನಿಗೆ 74 ವರ್ಷ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಅಲ್ಲೇ ನಿಂತು ಗಂಬೂಟು ಆರ್ಡರ್ ಮಾಡಿದರು. ಮಂಡಿ ನೋವಿನಲ್ಲಿ ಬಸ್ ಹತ್ತಿ ಮಡಿಕೇರಿಗೆ ಹೋಗಿ ಬರೋದಕ್ಕಿಂತ ಇದೇ ವಾಸಿ ಅಂತ ಅವರ ಲೆಕ್ಕ.

ಈ ಲೆಕ್ಕಕ್ಕೆ ಬರಲು ವರ್ಷಗಳೇ ಹಿಡಿದವು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಅದು ಬರೀ ಪುಸ್ತಕದಂಗಡಿ. 2010ರಲ್ಲಿ, ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಟ್ಟರೆ ಸಾಕು ಅಂದಿತು. ಕಾರ್ಡ್ ಅಂದರೆ ಹೆದರುತ್ತಿದ್ದವರಿಗೆ ಧೈರ್ಯ ಬಂತು. ಆದರೆ ಆಗ ನಮ್ಮ ತೋಟದ ಮನೆಯಲ್ಲಿ ಇಂಟರ್ನೆಟ್ ಅಂದರೆ ರಜೆಗೆ ಬಂದ ಮಕ್ಕಳ ಲ್ಯಾಪ್‌ಟಾಪ್, ಅಷ್ಟೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಮಕ್ಕಳ ಹಳೇ ಸ್ಮಾರ್ಟ್‌ಫೋನ್‌ಗಳು ಅಪ್ಪ ಅಮ್ಮನ ಕೈ ಸೇರಿದವು. ನನ್ನ ಪ್ರಕಾರ ನಮ್ಮ ಹಿರಿಯರನ್ನು ಇಂಟರ್ನೆಟ್ಟಿಗೆ ಎಳೆದದ್ದು ಶಾಪಿಂಗ್ ಅಲ್ಲ, ದೂರ. ಮಗ ಬೆಂಗಳೂರಲ್ಲಿ, ಮೊಮ್ಮಗಳು ದುಬೈಯಲ್ಲಿ. ಮುಖ ನೋಡಬೇಕಲ್ವಾ? ಆಮೇಲೆ ಅದೇ ವಾಟ್ಸಾಪಿನಲ್ಲಿ ಕಾಫಿ, ಕರಿಮೆಣಸಿನ ರೇಟ್ ಬಂತು, ಸಾವಿನ ಸುದ್ದಿಯೂ ಬಂತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನೆಂಟರು ಎಲ್ಲಿದ್ದಾರೋ ಅಂತ ದೊಡ್ಡಮ್ಮ ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದರು.

ಇನ್ನೊಂದು ದಾರಿ ಪಿಂಚಣಿಯದು. ಕೊಡಗಿನಲ್ಲಿ ಮಾಜಿ ಸೈನಿಕರು ಜಾಸ್ತಿ. ಬದುಕಿದ್ದೇನೆ ಅಂತ ಇವರೆಲ್ಲ ವರ್ಷಕ್ಕೊಮ್ಮೆ ತೋರಿಸಬೇಕು. 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಸರ್ಕಾರದ ಡಿಜಿಟಲ್ ಜೀವಂತ ಪ್ರಮಾಣಪತ್ರ ಶುರುವಾಗಿ ಅದೂ ಆನ್‌ಲೈನ್ ಆಯಿತು. ಆದರೆ ಹೆಚ್ಚಾಗಿ ಬೆರಳಚ್ಚು ಕೊಡಬೇಕಿತ್ತು. ಕತ್ತಿ ಹಿಡಿದು ಸವೆದ ಬೆರಳು ಮೆಷಿನ್ನಿಗೆ ಎಲ್ಲಿ ಗೊತ್ತಾಗಬೇಕು! 2021ರ ನವೆಂಬರ್‌ನಲ್ಲಿ ಫೋನಿಗೆ ಮುಖ ತೋರಿಸಿದರೂ ಸಾಕು ಅಂತಾಯಿತು.

ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂದು ಹೋಗಿತ್ತು. ಪೇಟೆಗೆ ಹೋಗೋ ಹಾಗಿಲ್ಲ, ಮಕ್ಕಳು ಬರೋ ಹಾಗಿಲ್ಲ. ಫೋನಿನಲ್ಲಿ ಮುಖ ನೋಡಿ ಅಭ್ಯಾಸವಾಗಿದ್ದವರಿಗೆ ಸಾಮಾನು ನೋಡೋದು ಕಷ್ಟವಾಗಲಿಲ್ಲ. ಕಳ್ಳರೂ ಹಿಂದೆಯೇ ಬಂದರು. ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ದೊಡ್ಡಮ್ಮ ಆ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಾರೆ.

ಗಂಬೂಟಿನ ಕಥೆ ಮುಗಿಸುತ್ತೇನೆ. ಡೆಲಿವರಿ ಹುಡುಗ ರಸ್ತೆಯವರೆಗೆ ಬಂದ. ಓಟಿಪಿ ಹೇಳಿ ಅಂತ ಫೋನ್ ಮಾಡಿದರೆ ದೊಡ್ಡಮ್ಮ ಅಡುಗೆಮನೆಯಲ್ಲಿ, ಫೋನ್ ಹೊಡೆಯಲೇ ಇಲ್ಲ. ಪಾರ್ಸೆಲ್ ವಾಪಸ್. ಎರಡನೇ ದಿನ ಅವರು ಸ್ಟೂಲ್ ಹಾಕಿಕೊಂಡು ಟ್ಯಾಂಕಿನ ಪಕ್ಕವೇ ಕಾದರು. ಬೂಟು ಬಂತು, ಒಂದು ಸೈಜ್ ಚಿಕ್ಕದು. ವಾಪಸ್ ಕಳಿಸಲು ಮತ್ತೆ ಅಲ್ಲೇ ನಿಲ್ಲಬೇಕು, ಅಷ್ಟರಲ್ಲಿ ಮಳೆ ಹಿಡಿಯಿತು. ಈಗ ಆ ಬೂಟು ಹಾಕಿಕೊಂಡು ತೋಟದ ಕೆಲಸದವರ ಲೈನ್ ಮನೆಯ ಹುಡುಗ ಸ್ಕೂಲಿಗೆ ಹೋಗುತ್ತಾನೆ.