ಮಡಚುವ ಚಾಕುವಿನ ಬುಡದಲ್ಲಿ ಕಚ್ಚು ಬೇಕಾ?

ಮಡಚುವ ಚಾಕು ಬಿಚ್ಚಿ, ಅಲಗು ಹಿಡಿಗೆ ಸೇರುವ ಜಾಗ ನೋಡಿ. ಕೆಲವು ಚಾಕುಗಳಲ್ಲಿ ಹರಿತ ಮುಗಿಯುವ ಕಡೆ ಅರ್ಧಚಂದ್ರದಂಥ ಚಿಕ್ಕ ಕಚ್ಚು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಚಾಕುವಿನ ಹುಚ್ಚು ಹಿಡಿದವರು ಈ ಒಂದಿಷ್ಟು ಜಾಗದ ಮೇಲೆ ಸಿಕ್ಕಾಪಟ್ಟೆ ಜಗಳ ಆಡುತ್ತಾರೆ. ನನ್ನ ಲೆಕ್ಕದಲ್ಲಿ ಉತ್ತರ ಒಂದೇ ಮಾತಿನ ಮೇಲೆ ನಿಂತಿದೆ: ಆ ಚಾಕು ಮಸೆಯುವವರು ಯಾರು, ಯಾವುದರ ಮೇಲೆ ಮಸೆಯುತ್ತಾರೆ?

ಕಚ್ಚಿನ ಕೆಲಸ ಸರಳ. ಅಲಗು ಬುಡದ ಹತ್ತಿರ ಒಮ್ಮೆಲೇ ದಪ್ಪ ಆಗುತ್ತದೆ. ಸಮತಟ್ಟಾದ ಕಲ್ಲಿನ ಮೇಲೆ ಮಸೆದರೆ ಆ ದಪ್ಪ ಭಾಗ ಕಲ್ಲಿನ ಅಂಚಿಗೆ ತಾಗಿ ನಿಲ್ಲುತ್ತದೆ, ಪಕ್ಕದ ಒಂದೆರಡು ಮಿಲಿಮೀಟರ್ ಹರಿತಕ್ಕೆ ಕಲ್ಲು ಮುಟ್ಟುವುದೇ ಇಲ್ಲ. ವರ್ಷಗಟ್ಟಲೆ ಹೀಗೇ ಮಸೆದರೆ ಮುಂದಿನ ಭಾಗ ಸವೆದು ಒಳಗೆ ಹೋಗುತ್ತದೆ, ಬುಡ ಮಾತ್ರ ಗಂಟಿನ ಹಾಗೆ ಉಳಿಯುತ್ತದೆ. ಆಮೇಲೆ ಹಲಗೆಯ ಮೇಲೆ ಈರುಳ್ಳಿ ಹೆಚ್ಚಿದರೆ ಗಂಟು ಹಲಗೆಗೆ ತಾಗುತ್ತದೆ, ಹರಿತ ತಾಗುವುದಿಲ್ಲ. ಕಚ್ಚು ಇದ್ದರೆ ಹರಿತ ಕೊನೆಯ ತನಕ ಕಲ್ಲಿಗೆ ಸಿಗುತ್ತದೆ.

ಎಲ್ಲ ಮಡಚುವ ಚಾಕುಗಳಿಗೂ ಈ ತೊಂದರೆ ಇಷ್ಟು ಇಲ್ಲ. ರೋಮನ್ನರ ಕಾಲದಲ್ಲೂ ಮಡಚುವ ಚಾಕು ಇತ್ತು. 1890ರಲ್ಲಿ ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಚಾಕುವಿನಲ್ಲಿ ಹಿಡಿಯ ಬೆನ್ನಿಗೆ ಸ್ಪ್ರಿಂಗ್ (ಅಲಗನ್ನು ಬಿಗಿಯಾಗಿ ಹಿಡಿಯುವ ಉಕ್ಕಿನ ಪಟ್ಟಿ) ಇಲ್ಲ, ಅಲಗೂ ತೆಳ್ಳಗೆ. ಅಂಥದ್ದನ್ನು ಬುಡದವರೆಗೂ ಸಲೀಸಾಗಿ ಮಸೆಯಬಹುದು. ಬೆನ್ನಿಗೆ ಸ್ಪ್ರಿಂಗ್ ಇರುವ ಚಾಕುವಿನ ಲೆಕ್ಕ ಮಾತ್ರ ಬೇರೆ, ಅದು ಒಪಿನೆಲ್‌ಗಿಂತ ಎಷ್ಟೋ ಮೊದಲೇ ಬಂದಿತ್ತು. ಮಡಚಿದಾಗ ಹರಿತ ಹೋಗಿ ಸ್ಪ್ರಿಂಗಿಗೆ ಬಡಿದರೆ ಮೊಂಡಾಗುತ್ತದೆ ಅಲ್ವಾ? ಅದಕ್ಕೇ ಅಲಗಿನ ಬುಡದಲ್ಲಿ ಹರಿತವಿಲ್ಲದ ಒಂದು ಉಬ್ಬು ಬಿಟ್ಟರು. ಮಡಚಿದಾಗ ಆ ಉಬ್ಬು ಸ್ಪ್ರಿಂಗಿನ ಮೇಲೆ ಕೂರುತ್ತದೆ, ಹರಿತ ಮೇಲೇ ಉಳಿಯುತ್ತದೆ. ಉಬ್ಬಿಗೂ ಹರಿತಕ್ಕೂ ನಡುವೆ ಒಂದು ಗಡಿ ಬೇಕಾಯಿತು. ಇಂಗ್ಲೆಂಡಿನ ಶೆಫೀಲ್ಡಿನ ಕುಶಲಕರ್ಮಿಗಳು ಅಲ್ಲಿ ಅರದಿಂದ ಉಜ್ಜಿ ಕಚ್ಚು ಹಾಕುತ್ತಿದ್ದರು. ಅವರು ಅದಕ್ಕೆ ಚಾಯ್ಲ್ ಅನ್ನುತ್ತಿದ್ದರು. ಅಲ್ಲಿ ನದಿ ನೀರಿನಿಂದ ತಿರುಗುವ ದೊಡ್ಡ ಮರಳುಗಲ್ಲಿನ ಗಾಲಿಗಳ ಮೇಲೆ ಸಾಣೆ ನಡೆಯುತ್ತಿತ್ತು. (ಆ ಧೂಳಿಗೆ ಎಷ್ಟೋ ಕೆಲಸಗಾರರ ಶ್ವಾಸಕೋಶ ಹಾಳಾಯಿತು, ಅದು ಬೇರೆಯೇ ಕಥೆ.) ಬ್ರಿಟಿಷರ ಕಾಲದಲ್ಲಿ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಚಾಕುಗಳು ನಮ್ಮ ದೇಶಕ್ಕೂ ಬರುತ್ತಿದ್ದವು.

1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಕಾರ್ಬೊರಂಡಂ ಅನ್ನುವ, ಉಕ್ಕು ಮಸೆಯುವಷ್ಟು ಗಟ್ಟಿ ವಸ್ತು ಮಾಡಿದ. ಇವತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಕಡೆ ಒರಟು, ಇನ್ನೊಂದು ಕಡೆ ನಯ ಇರುವ ಬೂದು ಕಲ್ಲು ಅದರದ್ದೇ. ಅಗ್ಗದ ಕಲ್ಲು ಕೈಗೆ ಸಿಕ್ಕ ಮೇಲೆ ಮನೆಯಲ್ಲೇ ಮಸೆಯುವವರು ಜಾಸ್ತಿಯಾದರು, ಬುಡದ ತೊಂದರೆಯೂ ಅವರ ಕಣ್ಣಿಗೆ ಬಿತ್ತು. 2001ರಲ್ಲಿ ಸಿಪಿಎಂ ಎಸ್30ವಿ ಥರದ ಗಟ್ಟಿ ಉಕ್ಕು ಬಂತು. ಅದನ್ನು ಪದೇ ಪದೇ ಮಸೆಯಬೇಕಿಲ್ಲ, ಮಸೆಯುವಾಗ ಮಾತ್ರ ವಜ್ರದ ಪುಡಿ ಅಂಟಿಸಿದ ತಟ್ಟೆ ಇದ್ದರೆ ಒಳ್ಳೆಯದು. ಅಪರೂಪಕ್ಕೆ ಮಸೆಯುವ ಚಾಕುವಿಗೆ ಕಚ್ಚು ಯಾಕೆ ಅನ್ನುವವರಿಗೆ ಇದರಿಂದ ಬಲ ಬಂತು.

ಅವರ ಇನ್ನೊಂದು ದೂರು ನನಗೆ ನಿಜ ಅನ್ನಿಸುತ್ತದೆ. ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲದ ಹೊಲಿಗೆ ಕತ್ತರಿಸುವಾಗ ಸುತಳಿ ಜಾರಿ ಬುಡಕ್ಕೆ ಬರುತ್ತದೆ. ಅಲ್ಲಿ ಕಚ್ಚು ಇದ್ದರೆ ಸಿಕ್ಕಿಕೊಳ್ಳುತ್ತದೆ, ಗೋಣಿಯ ನಾರೂ ಅಷ್ಟೇ. ಎಳೆದರೆ ಕತ್ತರಿಸುವುದಿಲ್ಲ, ಸುಮ್ನೆ ಜಗ್ಗುತ್ತದೆ. ಕೈಗೆ ಹತ್ತಿರ ಇರುವುದರಿಂದ ಜಾಸ್ತಿ ಬಲ ಬೀಳುವುದೂ ಆ ಬುಡದ ಮೇಲೇ. ಆ ಹರಿತವನ್ನೇ ಕಿತ್ತುಹಾಕಿದ ಹಾಗಾಯಿತು.

ಆದರೆ ನಮ್ಮ ಕಡೆ ಮಸೆಯುವ ಪದ್ಧತಿ ನೋಡಿ. ಸೈಕಲ್ ಮೇಲೆ ಗಾಲಿ ಕಟ್ಟಿಕೊಂಡು ಬರುವ ಸಾಣೆಯವರಿಗೆ ಕೊಡುತ್ತೇವೆ. ಇಲ್ಲದಿದ್ದರೆ ಮನೆ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ನಾಲ್ಕು ಸಲ ಉಜ್ಜುತ್ತೇವೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಉಕ್ಕಿಗಿಂತ ಮೆದು. ಹಾಸಲು ಚೆಂದ, ಗಟ್ಟಿ ಅಲಗನ್ನು ಮಸೆಯಲು ಸಾಲದು. ಇನ್ನು ಸಾಣೆಯವರನ್ನು ಕೇಳಿದರೆ "ಬುಡದ ತನಕಾ ಗಾಲಿ ಹೋಗಂಗಿಲ್ರಿ" ಅನ್ನುತ್ತಾರೆ. ಗಾಲಿ ದುಂಡಗೆ, ಹಿಡಿ ಅಡ್ಡ ಬರುತ್ತದೆ. ಇವರ ಕೈಗೆ ಹೋಗುವ ಚಾಕುವಿಗೆ ಕಚ್ಚು ಇದ್ದರೇ ಒಳ್ಳೆಯದು, ಕಡೇಪಕ್ಷ ಗಂಟು ಉಳಿಯುವುದಿಲ್ಲ.

ಹಾಗಾಗಿ ನನ್ನ ಮತ ಚಿಕ್ಕ ಕಚ್ಚಿಗೆ. ಅಲಗು ದಪ್ಪವಾಗಲು ಶುರುವಾಗುವ ಕಡೆಯೇ ಇರಬೇಕು, ಒಳಗೆ ದುಂಡಗೆ ಇರಬೇಕು. ಮೂಲೆ ಚೂಪಾಗಿದ್ದರೆ ಅಲಗು ಅಲ್ಲಿಂದಲೇ ಸೀಳುವ ಭಯ. ಬೆರಳು ಇಡಲೆಂದು ದೊಡ್ಡದಾಗಿ ಕೊರೆದದ್ದು ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ಇದ್ದ ಚಾಕುವಿಗೆ ಹೊಸದಾಗಿ ಹಾಕುವುದಾದರೆ ಮಾಮೂಲಿ ಅರ ಜಾರುತ್ತದೆ, ಸಣ್ಣ ದುಂಡನೆಯ ವಜ್ರದ ಅರ ಬೇಕು. ಸ್ಪ್ರಿಂಗಿನ ಮೇಲೆ ಕೂರುವ ಉಬ್ಬನ್ನು ಮಾತ್ರ ಮುಟ್ಟಬೇಡಿ. ಅದು ಸವೆದರೆ ಅಲಗು ಕೆಳಗೆ ಕೂತು, ಮಡಚಿದಾಗಲೆಲ್ಲ ಹರಿತ ಸ್ಪ್ರಿಂಗಿಗೆ ಬಡಿಯುತ್ತದೆ. ಗ್ರೈಂಡರ್ ಹಚ್ಚುವುದಂತೂ ಬೇಡವೇ ಬೇಡ. ಅಲಗು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿನ ಹದ ಹೋಯಿತು ಅಂತಲೇ ಲೆಕ್ಕ.