ಎರಡು ಎಕರೆ ಅಲೆಕೊಳ, ಮೇ ತಿಂಗಳ ಬಾವಿ

ಈಚಿನ ಕೆಲವು ವರ್ಷಗಳಲ್ಲಿ ಕುಮಟಾದ ನನ್ನ ಕಚೇರಿಗೆ ಬರುವ ರೆಸಾರ್ಟ್ ಮಾಲೀಕರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಒಂದೇ ಬಗೆಯ ಚಿತ್ರವನ್ನು ತೋರಿಸುತ್ತಾರೆ. ಸುತ್ತಲೂ ಬೋಳು ಬೆಟ್ಟ, ನಡುವೆ ನೀಲಿ ನೀರಿನ ವಿಶಾಲವಾದ ಕೊಳ, ಯಂತ್ರ ಎಬ್ಬಿಸಿದ ಅಲೆಯ ಮೇಲೆ ಸರ್ಫಿಂಗ್ ಹಲಗೆಯಲ್ಲಿ ನಿಂತು ಜಾರುವ ಹುಡುಗರು. ಚಿತ್ರ ಕ್ಯಾಲಿಫೋರ್ನಿಯಾದ ಮರುಭೂಮಿಯದ್ದಾಗಿರುತ್ತದೆ ಇಲ್ಲವೇ ಅರಬ್ ದೇಶದ್ದಾಗಿರುತ್ತದೆ. ಆಮೇಲೆ ಬರುವ ಮಾತೂ ಒಂದೇ: "ಮರುಭೂಮಿಯಲ್ಲೇ ಮಾಡಿದ್ದಾರೆ ಸರ್. ನಮ್ಮಲ್ಲಿ ಮೂರು ಸಾವಿರ ಮಿಲಿಮೀಟರ್ ಮಳೆ. ಒಮ್ಮೆ ತುಂಬಿಸಿಬಿಟ್ಟರೆ ಮುಗಿಯಿತಲ್ಲ?"

ಅವರ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಗೋಕರ್ಣದ ಓಂ ತೀರ, ಕುಡ್ಲೆ ತೀರಗಳ ಬಂಡೆಗಳ ನಡುವೆ ಪ್ರವಾಸಿಗರು ಮುಳುಗಿದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಕಾವಲಿರುವ ಕೊಳದಲ್ಲಿ ಮಕ್ಕಳಿಗೆ ಅಲೆಯ ಆಟವನ್ನು ಕಲಿಸಬೇಕೆಂಬುದು ಒಳ್ಳೆಯ ಯೋಚನೆಯೇ. ಗಲ್ಫ್‌ನ ಮರುಭೂಮಿ ಬಡಾವಣೆಗಳಿಗೆ ನೀರಿನ ವ್ಯವಸ್ಥೆ ಮಾಡುವ ಕೆಲಸದಲ್ಲಿ ಹಲವು ವರ್ಷ ಕಳೆದು ಊರಿಗೆ ಮರಳಿದವನಾದ ನನಗೆ ಇಂಥ ಕೊಳಗಳ ಮೇಲೆ ದ್ವೇಷವೂ ಇಲ್ಲ. ನನ್ನನ್ನು ದಣಿಸುವುದು "ಒಮ್ಮೆ ತುಂಬಿಸಿಬಿಟ್ಟರೆ ಮುಗಿಯಿತು" ಎಂಬ ಒಂದೇ ಮಾತು. ಅಲೆ ಎಬ್ಬಿಸುವ ಯಂತ್ರ, ವಿದ್ಯುತ್ತು, ನೀರು ಶುದ್ಧೀಕರಣ ಇವೆಲ್ಲಕ್ಕೂ ದುಡ್ಡಿನಿಂದ ಪರಿಹಾರ ಸಿಗುವುದರಿಂದ ಇಲ್ಲಿ ಅವುಗಳನ್ನು ಬಿಡುತ್ತೇನೆ.

ತುಂಬಿಸುವ ನೀರು ಮತ್ತು ಆರಿಹೋಗುವ ನೀರು ಬೇರೆ ಬೇರೆ ಲೆಕ್ಕಗಳು. ಕೊಳ ತುಂಬಿಸಲು ಎಷ್ಟು ನೀರು ಬೇಕೆಂಬುದನ್ನು ಅದರ ಉದ್ದ, ಅಗಲ, ಆಳ ಮೂರೂ ಸೇರಿ ನಿರ್ಧರಿಸುತ್ತವೆ. ದಿನವೂ ಎಷ್ಟು ನೀರು ಆವಿಯಾಗುತ್ತದೆ ಎಂಬುದಕ್ಕೆ ಆಳದ ಗೊಡವೆಯೇ ಇಲ್ಲ. ಬಿಸಿಲಿಗೆ ಮತ್ತು ಗಾಳಿಗೆ ತೆರೆದುಕೊಂಡ ನೀರಿನ ಮೈ ಎಷ್ಟು ವಿಸ್ತಾರವಾಗಿದೆ ಎಂಬುದಷ್ಟೇ ಅಲ್ಲಿ ಮುಖ್ಯ. ಇದನ್ನು ಹೇಳಿದೊಡನೆ ಗ್ರಾಹಕರು ತಲೆಯಾಡಿಸುತ್ತಾರೆ, ಮರುಗಳಿಗೆಯಲ್ಲೇ "ಹಾಗಾದರೆ ಆಳ ಸ್ವಲ್ಪ ಕಡಿಮೆ ಮಾಡೋಣ ಸರ್" ಎನ್ನುತ್ತಾರೆ. ಆದ್ದರಿಂದ ಅಂಕಿಗಳಲ್ಲೇ ಹೇಳುತ್ತೇನೆ.

ಸರಾಸರಿ ಒಂದೂವರೆ ಮೀಟರ್ ಆಳದ ಎರಡು ಎಕರೆ ಕೊಳವನ್ನು ತುಂಬಿಸಲು ಸುಮಾರು 1 ಕೋಟಿ 21 ಲಕ್ಷ ಲೀಟರ್ ನೀರು ಬೇಕು. ನಮ್ಮ ಕರಾವಳಿಯ ಒಣ ತಿಂಗಳುಗಳಿಗೆ ನಾನು ಮೊದಲ ಅಂದಾಜಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾಗುವಿಕೆಯನ್ನು ಹಿಡಿಯುತ್ತೇನೆ. ಇದು ನಕಾಶೆಯ ಮೊದಲ ಹಂತದ ಅಂಕಿ ಮಾತ್ರ. ಜಾಗದಲ್ಲೇ ಅಳತೆಪಾತ್ರೆ ಇಟ್ಟು ಒಂದು ಋತುವಿನ ಮಟ್ಟಿಗಾದರೂ ನೋಡದೆ ಯಾರೂ ಇದನ್ನು ಅಂತಿಮವೆಂದು ಹಿಡಿಯಬಾರದು. ಐದು ಮಿಲಿಮೀಟರ್ ಎಂದರೆ ಒಂದು ಅಕ್ಕಿಕಾಳಿನ ಉದ್ದಕ್ಕಿಂತ ಕಡಿಮೆ. ಆದರೆ ಎರಡು ಎಕರೆಯ ಮೇಲೆ ಅದು ದಿನಕ್ಕೆ 40,000 ಲೀಟರನ್ನು ದಾಟುತ್ತದೆ, ಅಂದರೆ 12,000 ಲೀಟರಿನ ಟ್ಯಾಂಕರುಗಳಲ್ಲಿ ಮೂರು ತುಂಬಿ ನಾಲ್ಕನೆಯದಕ್ಕೂ ಉಳಿಯುತ್ತದೆ. ನವೆಂಬರಿನಿಂದ ಮೇ ಕೊನೆಯವರೆಗಿನ 212 ದಿನಗಳಿಗೆ ಇದು ಸುಮಾರು 86 ಲಕ್ಷ ಲೀಟರ್. ಏಳುನೂರಕ್ಕೂ ಹೆಚ್ಚು ಟ್ಯಾಂಕರು. ಈಗ ಆಳವನ್ನು ಒಂದು ಮೀಟರಿಗೆ ಇಳಿಸಿ ನೋಡೋಣ. ತುಂಬಿಸುವ ನೀರು 81 ಲಕ್ಷ ಲೀಟರಿಗೆ ಇಳಿಯುತ್ತದೆ. ಆವಿಯಾಗುವ ನೀರು ಅದೇ 86 ಲಕ್ಷ ಲೀಟರಿನಲ್ಲಿ ಉಳಿಯುತ್ತದೆ. ಒಮ್ಮೆ ತುಂಬಿಸಿದ ಅಷ್ಟೂ ನೀರು ಒಂದು ಬೇಸಿಗೆಯೊಳಗೆ ಗಾಳಿಪಾಲಾಗಿ, ಇನ್ನಷ್ಟು ತರಬೇಕಾಗುತ್ತದೆ. ಫಿಲ್ಟರ್ ತೊಳೆಯುವ ನೀರು, ತಳದಿಂದ ಜಿನುಗುವ ನೀರು, ಅಲೆ ಒಡೆದಾಗ ಚಿಮ್ಮುವ ತುಂತುರು ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ.

ಕಳೆದ ವರ್ಷ ಶಿರಸಿಯ ಕಡೆಯಿಂದ ಒಬ್ಬ ಅಡಿಕೆ ತೋಟದ ಹಿರಿಯರು ಬಂದಿದ್ದರು. ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುತ್ತಾನೆಂಬ ಸಂತೋಷದಲ್ಲಿ ಗೋಕರ್ಣದ ಸಮೀಪ ಜಾಗ ಕೊಂಡು, ಅವನಿಗಾಗಿ ಅಲೆಕೊಳದ ರೆಸಾರ್ಟ್ ಕಟ್ಟಿಸುವ ಹಂಬಲ ಅವರದು. ನನ್ನ ಅಂಕಿಗಳನ್ನು ತಾಳ್ಮೆಯಿಂದ ಕೇಳಿ, "ಅದೆಲ್ಲ ಮರುಭೂಮಿಗೆ ಸರಿ. ನಮ್ಮ ಕರಾವಳಿಯ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ನೀರು ಹೇಗೆ ಒಣಗೀತು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಒಣ ಹವೆಯ ಮರುಭೂಮಿಗಿಂತ ನಮ್ಮಲ್ಲಿ ಆವಿಯಾಗುವ ಪ್ರಮಾಣ ಕಡಿಮೆ ಎಂಬುದು ನಿಜ. ನಾನು ಮರುಮಾತಾಡದೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಸಾಣಿಕಟ್ಟಾಕ್ಕೆ ಹೋದೆ.

ಗೋಕರ್ಣದ ಬಳಿ, ಅಘನಾಶಿನಿಯ ಅಳಿವೆಯ ಪಕ್ಕದಲ್ಲಿ ಹರಡಿರುವ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನಮ್ಮ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಉಬ್ಬರದ ನೀರನ್ನು ಒಳಗೆ ತಂದು, ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ಬರಿಸುವ ಆ ಇಡೀ ಕಸುಬು ನಿಂತಿರುವುದೇ ಈ ಕರಾವಳಿಯ ಗಾಳಿ ನೀರನ್ನು ಹೀರಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ. ಪಾತಿ ಅಗಲವಾಗಿ, ತೆಳ್ಳಗೆ ಇರುವುದೂ ಅದಕ್ಕಾಗಿಯೇ. ಅಲ್ಲಿ ಉಪ್ಪು ಎಳೆಯುತ್ತಿದ್ದ ಒಬ್ಬರನ್ನು ಯಾವ ದಿನ ಉಪ್ಪು ಬೇಗ ಬರುತ್ತದೆ ಎಂದು ಕೇಳಿದಾಗ ಅವರು, "ಬಿಸಿಲೊಂದಿದ್ರೆ ಸಾಲ್ದು ಸರ್, ಗಾಳಿ ಬೇಕು. ಗಾಳಿ ಇಲ್ದಿದ್ರೆ ನೀರು ಹಂಗೇ ಕೂತಿರ್ತದೆ" ಎಂದರು. ಹಿರಿಯರು ಬಹಳ ಹೊತ್ತು ಸುಮ್ಮನೆ ನಿಂತಿದ್ದು, "ನಮ್ಮ ಆಲೆಮನೆಯ ಕೊಪ್ಪರಿಗೆಯೂ ಅಗಲವೇ" ಎಂದರು. ಕಬ್ಬಿನ ಹಾಲಿನ ನೀರು ಬೇಗ ಇಂಗಲೆಂದು ಕೊಪ್ಪರಿಗೆಯನ್ನು ಅಗಲ ಮಾಡಿದವರಿಗೆ ಅಗಲವಾದ ಕೊಳ ಏನು ಮಾಡುತ್ತದೆಂದು ನಾನು ಇನ್ನು ವಿವರಿಸಬೇಕಾಗಿರಲಿಲ್ಲ. ನಿಂತ ನೀರಿನಿಂದಲೇ ಗಾಳಿ ಇಷ್ಟು ಎಳೆಯುವುದಾದರೆ, ದಿನವಿಡೀ ಒಡೆಯುವ ಅಲೆಗಳಿಂದ ಇನ್ನೂ ಹೆಚ್ಚು ಎಳೆಯುತ್ತದೆ.

ಇನ್ನು ಮರುಭೂಮಿಯವರು ಹೇಗೆ ಮಾಡಿದರು ಎಂಬ ಪ್ರಶ್ನೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಕೋಚೆಲಾ ಕಣಿವೆಯ ಪಾಮ್ ಸ್ಪ್ರಿಂಗ್ಸ್ ಊರಿನ ಸುತ್ತ ವರ್ಷಕ್ಕೆ ಬೀಳುವ ಮಳೆ 150 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದೇ ಕಣಿವೆಯ ಕೆಳತುದಿಯಲ್ಲಿರುವ ಸಾಲ್ಟನ್ ಸರೋವರದಿಂದ ವರ್ಷಕ್ಕೆ ಸುಮಾರು ಆರು ಅಡಿ ನೀರು ಆವಿಯಾಗುತ್ತದೆ. ಒಂದು ಎಕರೆ ನೀರಿಗೆ ಇದೇ ಅಳತೆ ಹಿಡಿದರೆ ವರ್ಷಕ್ಕೆ 70 ಲಕ್ಷ ಲೀಟರಿಗೂ ಹೆಚ್ಚು. ಅಲ್ಲಿನ ತೋಟಗಳೂ ಗಾಲ್ಫ್ ಮೈದಾನಗಳೂ ನಿಂತಿರುವುದು ಅಂತರ್ಜಲದ ಜೊತೆಗೆ ಕಾಲುವೆಯಲ್ಲಿ ಬರುವ ಕೊಲರಾಡೋ ನದಿಯ ನೀರಿನ ಮೇಲೆ. ಆ ನದಿಯ ಕೆಳಭಾಗಕ್ಕೆ ಅಧಿಕೃತವಾಗಿ ನೀರಿನ ಕೊರತೆಯನ್ನು ಮೊದಲ ಬಾರಿಗೆ ಘೋಷಿಸಿದ್ದು 2021ರ ಆಗಸ್ಟಿನಲ್ಲಿ. ಲಾ ಕ್ವಿಂಟಾ ಎಂಬ ಊರಿನಲ್ಲಿ ಒಮ್ಮೆ ತುಂಬಲು ಸುಮಾರು 1.8 ಕೋಟಿ ಗ್ಯಾಲನ್, ಅಂದರೆ 6.8 ಕೋಟಿ ಲೀಟರ್ ನೀರು ಬೇಡುವ ಅಲೆಕೊಳದ ಯೋಜನೆ ಬಂದಾಗ ಊರವರು ನೀರು, ಸದ್ದು, ರಾತ್ರಿಯ ದೀಪಗಳ ಬಗ್ಗೆ ಪ್ರಶ್ನೆಗಳನ್ನು ಎತ್ತಿದರು. ಗಾಲ್ಫ್ ಮೈದಾನಕ್ಕೆ ಹೋಲಿಸಿದರೆ ತಮ್ಮ ಕೊಳದ ಬಳಕೆ ಹೆಚ್ಚಲ್ಲವೆಂದು ಯೋಜನೆಯವರು ವಾದಿಸಿದರು. 2022ರ ಸೆಪ್ಟೆಂಬರಿನಲ್ಲಿ ನಗರ ಮಂಡಳಿ ಆ ಯೋಜನೆಯನ್ನು ತಿರಸ್ಕರಿಸಿತು. ಹತ್ತಿರದ ಪಾಮ್ ಡೆಸರ್ಟ್‌ನಲ್ಲಿ 2019ರಲ್ಲಿ ಒಪ್ಪಿಗೆ ಪಡೆದ, ಐದೂವರೆ ಎಕರೆಯ ಕೊಳದ ಯೋಜನೆಯಲ್ಲಿ ಗಾಲ್ಫ್ ಮೈದಾನದ ಹುಲ್ಲನ್ನು ತೆಗೆದು, ಅಲ್ಲಿ ಉಳಿಯುವ ನೀರನ್ನು ಕೊಳದ ಖರ್ಚಿಗೆ ಸರಿದೂಗಿಸುವ ಲೆಕ್ಕವಿದೆ. ಎರಡೂ ಕಡೆ ಚರ್ಚೆ ನಡೆದದ್ದು ವರ್ಷಕ್ಕೆ ಎಷ್ಟು ನೀರು, ಯಾರ ಪಾಲಿನಿಂದ ಎಂಬುದರ ಮೇಲೆ. ಮೊಬೈಲಿನ ಚಿತ್ರದಲ್ಲಿ ಕಾಣಿಸದ ಭಾಗ ಇದು.

ನಾನು ಕೆಲಸ ಮಾಡಿದ ಕಡೆಯಲ್ಲೂ ಹಾಗೆಯೇ ಇತ್ತು. ಅಲ್ಲಿ ಸಿಹಿನೀರೆಂದರೆ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕೊಳವೆಯಲ್ಲಿ ಕಳಿಸಿದ, ಲೀಟರಿಗೆ ಬೆಲೆ ಇರುವ ಸರಕು. ಯಾವ ನಕಾಶೆಯನ್ನು ಬಿಡಿಸುವ ಮೊದಲೂ ತಿಂಗಳುವಾರು ನೀರಿನ ಪಟ್ಟಿ ಮೇಜಿನ ಮೇಲಿರುತ್ತಿತ್ತು. ಊರಿಗೆ ಬಂದ ಮೇಲೆ ಅಂಥ ಪಟ್ಟಿಯನ್ನು ತಾನಾಗಿ ತಂದ ಗ್ರಾಹಕರನ್ನು ನಾನು ಇನ್ನೂ ಕಂಡಿಲ್ಲ. ಆರ್ದ್ರಾ ಮಳೆಯಲ್ಲಿ ಅಂಗಳ ತುಂಬಿ ಹರಿಯುವುದನ್ನು ಕಣ್ಣಾರೆ ಕಂಡು ಬೆಳೆದವರಿಗೆ ನೀರು ಎಣಿಸುವ ವಸ್ತುವೆಂದು ತೋರುವುದೇ ಇಲ್ಲ. ಆದರೆ ಆ ಮೂರು ಸಾವಿರ ಮಿಲಿಮೀಟರಿನಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆಗ ಕೊಳವೂ ತುಂಬಿರುತ್ತದೆ, ಬಂದ ನೀರು ಕೋಡಿ ಬಿದ್ದು ಹೋಗುತ್ತದೆ, ಪ್ರವಾಸಿಗರೂ ಕಡಿಮೆ. ಪ್ರವಾಸಿಗರು ಬರುವುದು ಮಳೆ ನಿಂತ ಮೇಲೆ. ಕೊಳಕ್ಕೆ ದಿನವೂ ನೀರು ಬೇಕಾಗುವುದೂ ಆಗಲೇ, ಕೋಣೆಗಳಲ್ಲಿ ಸ್ನಾನಕ್ಕೆ ಬೇಕಾಗುವುದೂ ಆಗಲೇ, ಊರಿನ ಬಾವಿಗಳು ತಳ ಕಾಣುವುದೂ ಆಗಲೇ. "ಮಳೆನೀರನ್ನು ಹಿಡಿದಿಡೋಣ" ಎನ್ನುವವರು ಆ 86 ಲಕ್ಷ ಲೀಟರಿಗಾಗಿ ಮೂರು ಮೀಟರ್ ಆಳದ, ಒಂದು ಎಕರೆಗೂ ಮಿಕ್ಕಿದ ಇನ್ನೊಂದು ಕೆರೆಯನ್ನು ತೋಡಬೇಕು, ಏಕೆಂದರೆ ಆ ಕೆರೆಯೂ ಬೇಸಿಗೆಯಲ್ಲಿ ಒಂದು ಮೀಟರಿನಷ್ಟು ಆರುತ್ತದೆ. ನಮ್ಮ ಚಿರೆಕಲ್ಲಿನ ನೆಲದಲ್ಲಿ ಅದಕ್ಕೆ ಒಳಹೊದಿಕೆ ಹಾಕದೆ ನೀರು ನಿಲ್ಲುವುದಿಲ್ಲ.

ಉಳಿಯುವುದು ಬಾವಿ. ಗ್ರಾಹಕರು ಇದನ್ನು ಕೊನೆಯಲ್ಲಿ, ಸಣ್ಣ ದನಿಯಲ್ಲಿ ಹೇಳುತ್ತಾರೆ: "ಎರಡು ಬೋರ್ ಹೊಡೆಸಿದರಾಯಿತು." ಕಡಲಂಚಿನ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಏಕೆಂದರೆ ಸಮುದ್ರದ ನೀರು ಅದಕ್ಕಿಂತ ಸುಮಾರು ನಲವತ್ತರಲ್ಲಿ ಒಂದು ಪಾಲಿನಷ್ಟು ಭಾರ. ಘೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ಇಬ್ಬರು ನೂರು ವರ್ಷಗಳಿಗೂ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕದ ಪ್ರಕಾರ, ಸಮುದ್ರಮಟ್ಟದಿಂದ ಮೇಲೆ ಬಾವಿಯ ನೀರು ಒಂದು ಮೀಟರ್ ಇದ್ದರೆ ಕೆಳಗೆ ಸುಮಾರು ನಲವತ್ತು ಮೀಟರ್ ಸಿಹಿನೀರು ಇರುತ್ತದೆ. ಮೇಲಿನದನ್ನು ಅರ್ಧ ಮೀಟರ್ ಇಳಿಸಿದರೆ ಕೆಳಗಿನ ಉಪ್ಪು, ಕಾಲ ಕಳೆದಂತೆ, ಇಪ್ಪತ್ತು ಮೀಟರ್ ಮೇಲೇರಲು ದಾರಿಯಾಗುತ್ತದೆ. ನೆಲದ ಪದರಗಳು ಎಲ್ಲ ಕಡೆ ಒಂದೇ ಬಗೆಯವಲ್ಲದ್ದರಿಂದ ಇದು ಅಕ್ಷರಶಃ ಎಲ್ಲೆಡೆ ಹೀಗೆಯೇ ನಡೆಯುತ್ತದೆಂದು ನಾನು ಹೇಳಲಾರೆ. ಆದರೆ ಒಮ್ಮೆ ಸವಳಾದ ಬಾವಿ ಬೇಗ ತಿಳಿಯಾಗುವುದಿಲ್ಲವೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಕುಮಟಾ ತಾಲೂಕಿನ ಒಂದು ಊರಿನಲ್ಲಿ, ಹೆಸರು ಬೇಡ, ರೆಸಾರ್ಟಿನ ಈಜುಕೊಳಕ್ಕಾಗಿ ಎರಡು ಬೇಸಿಗೆ ಎಡೆಬಿಡದೆ ಪಂಪು ನಡೆಸಿದ ಮೇಲೆ ಪಕ್ಕದ ಮನೆಯ ಬಾವಿಯ ನೀರಿನ ಪರೀಕ್ಷೆಗೆ ಹೋಗಿದ್ದೆ. ಆ ಮನೆಯ ಅಜ್ಜಿ ಕೊಡಪಾನ ಇಳಿಸಿ ನೀರೆತ್ತಿ ನನ್ನ ಬಾಟಲಿಗೆ ತುಂಬಿಕೊಟ್ಟು, "ಕುತ್ಕೊ ತಮ್ಮಾ, ಚಾ ಕುಡ್ಕಂಡು ಹೋಗು. ಚಾಕ್ಕೆ ನೀರು ಮೊಮ್ಮಗಳು ಶಾಲೆ ಹತ್ರದಿಂದ ತಂದದೆ" ಎಂದರು. ಐವತ್ತು ವರ್ಷ ಅದೇ ಬಾವಿಯ ನೀರು ಕುಡಿದವರು ಅವರು. ಆ ದಿನದ ಚಹಾವನ್ನು ನಾನು ಮರೆತಿಲ್ಲ.

ಕಾನೂನು ಇದನ್ನು ತಕ್ಕಮಟ್ಟಿಗೆ ಗುರುತಿಸಿದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಗರಿಷ್ಠ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ರೆಸಾರ್ಟುಗಳು ಅಂತರ್ಜಲ ಎತ್ತುವುದನ್ನು ತಡೆಯುತ್ತವೆ, 200ರಿಂದ 500 ಮೀಟರಿನ ನಡುವೆ ಅಂತರ್ಜಲ ಮಂಡಳಿಯ ಸಮ್ಮತಿ ಕೇಳುತ್ತವೆ. ನಾನು ವಕೀಲನಲ್ಲ; ನಿಮ್ಮ ಸರ್ವೆ ನಂಬರು ಯಾವ ವರ್ಗದಲ್ಲಿದೆ ಎಂಬುದನ್ನು ತಿಳಿದವರಿಂದ ಓದಿಸಿಕೊಳ್ಳಿ. ಆದರೆ 501ನೇ ಮೀಟರಿನಲ್ಲಿ ಕೊರೆದ ಬಾವಿಯೂ ಅದೇ ತೇಲುವ ನೀರನ್ನೇ ಎತ್ತುತ್ತದೆ ಎಂಬುದು ಮಾತ್ರ ನಿಮ್ಮ ನೆನಪಿನಲ್ಲಿರಲಿ.

ಸಮುದ್ರದ ನೀರನ್ನೇ ತುಂಬಿಸೋಣ ಎಂಬ ಸಲಹೆಯೂ ಬರುತ್ತದೆ. ಅಬುಧಾಬಿಯ ಹುದೈರಿಯಾತ್ ದ್ವೀಪದಲ್ಲಿ ಉಪ್ಪುನೀರಿನ ಅಲೆಕೊಳ ಇದೆ ನಿಜ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಕೊಳದಲ್ಲೇ ಉಳಿಯುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರನ್ನು ತುಂಬಿಸಿ, ಆರಿದಷ್ಟನ್ನು ಅದೇ ನೀರಿನಿಂದ ಭರ್ತಿ ಮಾಡುತ್ತ ಹೋದರೆ, ಒಂದು ಕೊಳದಷ್ಟು ನೀರು ಆವಿಯಾಗುವ ಹೊತ್ತಿಗೆ ಉಪ್ಪು 70 ಗ್ರಾಂ ಆಗಿರುತ್ತದೆ. ಆಗ ಕೊಳದ ನೀರನ್ನು ಹೊರಬಿಡಲೇಬೇಕು. ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿದಾಗ ಗ್ರಾಹಕರು ಪಕ್ಕದ ಹಳ್ಳವನ್ನು ತೋರಿಸುತ್ತಾರೆ. ಆ ಹಳ್ಳದ ಕೆಳಗೆ ಬೇರೆಯವರ ಗದ್ದೆಯಿರುತ್ತದೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿಯಲ್ಲೂ, ಅಂದರೆ ಅಳಿವೆಯ ಅಂಚಿನ ಉಪ್ಪುನೀರು ನುಗ್ಗುವ ಗದ್ದೆಯಲ್ಲೂ, ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆಯೇ ಬಿತ್ತುತ್ತಾರೆ. ಬೇಸಿಗೆಯಿಡೀ ಎರಡು ಪಟ್ಟು ಉಪ್ಪಿನ ನೀರನ್ನು ಅಲ್ಲಿಗೆ ಹರಿಸುವ ಯೋಜನೆಗೆ ನಾನು ಸಹಿ ಹಾಕಲಾರೆ.

ಹಾಗಾದರೆ ಮಾಡುವುದೇ ಬೇಡವೇ? ನಾನು ಹಾಗೆಂದಿಲ್ಲ. ನನ್ನಲ್ಲಿಗೆ ಬರುವವರಿಂದ ಮೊದಲಿಗೆ ಕೇಳುವುದು ಎರಡೇ ವಿಷಯ: ತಿಂಗಳುವಾರು ನೀರಿನ ಪಟ್ಟಿ, ಮತ್ತು ಜಾಗದ ಬಾವಿಯೊಂದಿಗೆ ಸುತ್ತಲಿನ ಬಾವಿಗಳ ಮೇ ತಿಂಗಳ ಕೊನೆಯ ವಾರದ ನೀರಿನ ಮಟ್ಟ. ಶಿರಸಿಯ ಆ ಹಿರಿಯರು ಅಂದಿನಿಂದ ಪ್ರತಿ ಭಾನುವಾರ ಜಾಗಕ್ಕೆ ಯಾರನ್ನಾದರೂ ಕಳಿಸಿ, ಕಲ್ಲು ಕಟ್ಟಿದ ಹಗ್ಗ ಇಳಿಸಿ, ಅಳತೆಯನ್ನು ನೋಟುಪುಸ್ತಕದಲ್ಲಿ ಬರೆಸುತ್ತಿದ್ದಾರೆ. ಪಕ್ಕದ ಮೂರು ಮನೆಗಳ ಬಾವಿಗಳನ್ನೂ ಅವರವರ ಒಪ್ಪಿಗೆ ಕೇಳಿ ಸೇರಿಸಿಕೊಂಡಿದ್ದಾರೆ. ಎರಡು ಎಕರೆಯ ಕೊಳ ಈಗ ನಕಾಶೆಯಲ್ಲಿ ಹತ್ತು ಗುಂಟೆಗೆ ಇಳಿದಿದೆ, ರಾತ್ರಿ ಮುಚ್ಚುವ ಹೊದಿಕೆಯೊಂದಿಗೆ. ಅದರಿಂದ ಆವಿಯಾಗುವ ನೀರು, ಹೊದಿಕೆಯ ಉಳಿತಾಯ ಸೇರಿಸದೆಯೇ, ದಿನಕ್ಕೆ 5,000 ಲೀಟರಿನ ಆಸುಪಾಸು. ಮಗನಿಗೆ ಸ್ವಲ್ಪ ಬೇಸರವಾಗಿದೆಯಂತೆ. ಮೊದಲ ಮೇ ತಿಂಗಳ ಅಳತೆಗಳು ಬಂದಿವೆ. ಒಂದು ವರ್ಷದ ಅಂಕಿಯಿಂದ ನಿರ್ಧರಿಸುವುದು ಸರಿಯಲ್ಲದ ಕಾರಣ, ಇನ್ನೊಂದು ಮೇ ಕಳೆಯುವವರೆಗೆ ತಡೆಯಿರಿ ಎಂದು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.