ಹೊಸ ಗೋಡೆಗೆ ಒಂದು ಮಳೆಗಾಲ ಬಿಡಿ

ಜುಲೈ ಬಂತೆಂದರೆ ಎಂಜಿನಿಯರ್ ಆದ ನನ್ನ ಫೋನಿಗೆ ಬಿಡುವಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಎಲ್ಲ ಕಡೆಯಿಂದ ಒಂದೇ ಮಾತು. "ಸರ್, ಹೊಸ ಮನೆ. ಎಪ್ರಿಲ್‌ನಲ್ಲಿ ಗೃಹಪ್ರವೇಶ ಆಗಿದೆ. ಈಗ ಗೋಡೆ ಲೀಕ್ ಆಗ್ತಾ ಇದೆ." ಹೋಗಿ ನೋಡಿದರೆ ಬಹಳಷ್ಟು ಮನೆಗಳಲ್ಲಿ ಲೀಕ್ ಇರುವುದೇ ಇಲ್ಲ. ಗೋಡೆ ಇನ್ನೂ ಒಣಗಿಲ್ಲ, ಅಷ್ಟೇ. ಒಣಗುವ ಮೊದಲೇ ಅದರ ಮೇಲೆ ಎರಡು ಕೋಟ್ ಪುಟ್ಟಿ, ಮೂರು ಕೋಟ್ ಪೇಂಟ್, ಟಿವಿ ಹಿಂದೆ ಪ್ಯಾನೆಲ್, ಗೋಡೆ ತುಂಬಾ ವಾರ್ಡ್‌ರೋಬ್, ಮೇಲೆ ಫಾಲ್ಸ್ ಸೀಲಿಂಗ್. ಒಳಗಿನ ನೀರು ಹೊರಗೆ ಬರಲು ದಾರಿ ಹುಡುಕುತ್ತದೆ. ಪೇಂಟ್ ಗುಳ್ಳೆ ಏಳುತ್ತದೆ, ಪುಟ್ಟಿ ಉದುರುತ್ತದೆ, ಬಿಳಿ ಉಪ್ಪು ಹೊರಬರುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಬೈಗುಳ ಮಾತ್ರ ಗೌಂಡಿಗೆ.

ಹೆಚ್ಚಿನವರು ತಪ್ಪು ತಿಳಿದುಕೊಳ್ಳುವುದು ಒಂದೇ ಕಡೆ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

"28 ದಿನ ಆಯ್ತಲ್ಲ ಸರ್, ಇನ್ನೇನು?" ಅಂತ ಕೇಳುತ್ತಾರೆ. 28 ದಿನ ಅನ್ನುವುದು ಕಾಂಕ್ರೀಟಿನ ಬಲ ಪರೀಕ್ಷೆ ಮಾಡುವ ಲೆಕ್ಕ. ಅಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಸಿಮೆಂಟ್ ಗಟ್ಟಿಯಾಗಲು ನೀರು ಬೇಕು. ಅದಕ್ಕೇ ನಾವು ಕ್ಯೂರಿಂಗ್ ಅಂತ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ ನೀರು ಹಾಕಿಸುತ್ತೇವೆ. ಒದ್ದೆ ಇದ್ದಷ್ಟು ದಿನ ಅದು ಬಲ ಪಡೆಯುತ್ತಲೇ ಇರುತ್ತದೆ. ಹಾಗಾಗಿ ಗಟ್ಟಿಯಾದ ಗೋಡೆ ಒಳಗಿಂದ ಒದ್ದೆಯಾಗಿಯೇ ಇರಬಹುದು. ಕೈಯಿಟ್ಟು ನೋಡಿದರೆ ಗೊತ್ತಾಗುವುದಿಲ್ಲ.

ಎಷ್ಟು ನೀರು ಇರುತ್ತದೆ ಅಂತ ಅಂದಾಜು ಬೇಕಾ? 50 ಕಿಲೋ ಸಿಮೆಂಟ್ ಚೀಲವೊಂದಕ್ಕೆ ಕಲಸುವಾಗ ಸುಮಾರು 25 ಲೀಟರ್ ನೀರು ಹೋಗುತ್ತದೆ. ಪ್ಲಾಸ್ಟರಿಗೆ ಇನ್ನೂ ಜಾಸ್ತಿ. ಸಿಮೆಂಟ್ ಗಟ್ಟಿಯಾಗುವಾಗ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರಲ್ಲಿ ಹೆಚ್ಚು ಕಡಿಮೆ ಅರ್ಧ, ಸುಮಾರು 12 ಲೀಟರ್. ಉಳಿದಿದ್ದೆಲ್ಲ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತಿರುತ್ತದೆ. ಅದು ಗಾಳಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಸಾವಿರ ಚದರಡಿ ಮನೆಗೆ ಸುಮಾರು 400 ಚೀಲ ಸಿಮೆಂಟ್ ಅಂತ ನಮ್ಮ ಕೈಲೆಕ್ಕ. ಹೀಗೆ ಉಳಿದ ನೀರು ಚೀಲಕ್ಕೆ 12 ಲೀಟರ್ ಅಂತ ಹಿಡಿದರೂ 4,800 ಲೀಟರ್ ಆಯಿತು. ಇದಕ್ಕೆ ಕ್ಯೂರಿಂಗ್ ನೀರು ಸೇರಿಸಿ. ನಮ್ಮ ಚಿರೇಕಲ್ಲು (ಜಂಬಿಟ್ಟಿಗೆ) ಮೊದಲೇ ರಂಧ್ರ ಜಾಸ್ತಿ ಇರುವ ಕಲ್ಲು, ಅದು ಕುಡಿದ ನೀರನ್ನೂ ಸೇರಿಸಿ. ಒಂದು ಟ್ಯಾಂಕರ್ ನೀರನ್ನು ಗೋಡೆಯಲ್ಲಿ ತುಂಬಿಟ್ಟುಕೊಂಡು ನೀವು ಹಾಲು ಉಕ್ಕಿಸುತ್ತೀರಿ.

ಈ ನೀರು ಹೋಗಲು ಒಣ ಗಾಳಿ ಬೇಕು. ಇಲ್ಲೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಲೆಕ್ಕ ಬೇರೆಯಾಗುವುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಕರಾವಳಿಯಲ್ಲಿ ಮೂರು ಸಾವಿರದ ಹತ್ತಿರ, ಹಲವು ಕಡೆ ಅದಕ್ಕೂ ಮೇಲೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಹಪ್ಪಳ ಡಬ್ಬದಲ್ಲೇ ಮೆತ್ತಗಾಗುವ ಕಾಲದಲ್ಲಿ ಗೋಡೆ ಎಲ್ಲಿಂದ ಒಣಗಬೇಕು? ಫೆಬ್ರವರಿ, ಮಾರ್ಚ್‌ನಲ್ಲಿ ಪ್ಲಾಸ್ಟರ್ ಮುಗಿಸಿದ ಮನೆಗೆ ಒಣಗಲು ಸಿಗುವುದು ಎರಡು ಮೂರು ತಿಂಗಳು. ಆಮೇಲೆ ನಾಲ್ಕು ತಿಂಗಳು ಆ ಕೆಲಸ ನಿಂತೇ ಹೋಗುತ್ತದೆ. ಮತ್ತೆ ಶುರುವಾಗುವುದು ಅಕ್ಟೋಬರ್ ಮೇಲೆ, ಮೂಡಗಾಳಿ ಬೀಸತೊಡಗಿದ ನಂತರ. ಬೆಂಗಳೂರಿನ ಇಂಟೀರಿಯರ್‌ನವರು ಕೊಟ್ಟ ವೇಳಾಪಟ್ಟಿ ಇಲ್ಲಿಗೆ ಹೊಂದುವುದಿಲ್ಲ. ಅದು ಅವರ ತಪ್ಪಲ್ಲ, ಅವರ ಊರಿಗೆ ಅದು ಸರಿಯೇ.

ಇಷ್ಟಕ್ಕೇ ನಿಂತರೆ ಪರವಾಗಿಲ್ಲ. ಗುಳ್ಳೆ ಕಂಡ ಕೂಡಲೇ ಅಂಗಡಿಗೆ ಹೋಗಿ ವಾಟರ್‌ಪ್ರೂಫ್ ಪೇಂಟ್ ತಂದು ಒಳಗಿನಿಂದ ಹೊಡೆಸುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರ ತರಿಸುವ ಕೆಲಸ. ನೀರು ತಡೆಯುವ ಪೇಂಟ್ ಎರಡೂ ಕಡೆಯಿಂದ ತಡೆಯುತ್ತದೆ. ಹೊರಗೆ ಹೊಡೆದರೆ ಮಳೆಯನ್ನು ತಡೆಯುತ್ತದೆ, ಒಳ್ಳೆಯದು. ಒಳಗೆ ಹೊಡೆದರೆ ಗೋಡೆಯೊಳಗಿನ ನೀರನ್ನು ಹೊರಬರದಂತೆ ತಡೆಯುತ್ತದೆ. ಬೆವರಿದ ಮೈಮೇಲೆ ರೇನ್‌ಕೋಟ್ ಹಾಕಿಕೊಂಡ ಹಾಗೆ. ಹೊರಗೂ ಮುಚ್ಚಿ ಒಳಗೂ ಮುಚ್ಚಿದರೆ ಆ ನೀರು ಎಲ್ಲಿಗೆ ಹೋಗಬೇಕು? ಮುಂದಿನ ವರ್ಷ ಅದೇ ಗೋಡೆ ಇನ್ನೂ ದೊಡ್ಡ ಗುಳ್ಳೆಯೊಂದಿಗೆ ಕಾಯುತ್ತಿರುತ್ತದೆ. ಆಗ ಯಾರೋ ಬಂದು "ಇದರ ಮೇಲೆ ಪಿವಿಸಿ ಪ್ಯಾನೆಲ್ ಹೊಡೆದುಬಿಡಿ, ಕಾಣೋದೇ ಇಲ್ಲ" ಅನ್ನುತ್ತಾರೆ. ಕಾಣುವುದಿಲ್ಲ, ನಿಜ. ವಾಸನೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಹೊರಗೆ ಮುಚ್ಚಿ, ಒಳಗೆ ಬಿಡಿ. ಹೊರಗೋಡೆಗೆ, ಅದರಲ್ಲೂ ಪಶ್ಚಿಮ ಮತ್ತು ನೈಋತ್ಯದ ಗೋಡೆಗೆ, ಮಳೆ ಶುರುವಾಗುವ ಮೊದಲು ಒಳ್ಳೆಯ ಎಕ್ಸ್‌ಟೀರಿಯರ್ ಪೇಂಟ್ ಆಗಿರಲಿ. ನಮ್ಮಲ್ಲಿ ಗಾಳಿಮಳೆ ಹೊಡೆಯುವುದೇ ಆ ಕಡೆಯಿಂದ. ಹಿಂದೆ ಹಿರಿಯರು ಮಳೆಗಾಲಕ್ಕೆ ಮೊದಲು ಅಡಿಕೆ ಸೋಗೆ, ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದೂ ಆ ಕಡೆಗೇ. ಪ್ಲಾಸ್ಟರ್ ತೀರ ಹೊಸದಾಗಿದ್ದು ಪೇಂಟಿಗೆ ಸಮಯ ಸಿಗದಿದ್ದರೆ, ಆ ಒಂದು ಗೋಡೆಗಾದರೂ ಒಂದು ವರ್ಷ ತಟ್ಟಿಯನ್ನೋ ಶೀಟನ್ನೋ ಕಟ್ಟಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಳಗೆ ಪ್ಲಾಸ್ಟರ್ ಮೇಲೆ ಸುಣ್ಣ ಹೊಡೆದು ಸುಮ್ನೆ ಬಿಡಿ. ಸುಣ್ಣದ ಮೂಲಕ ತೇವ ಹೊರಗೆ ಬರುತ್ತದೆ. ಜನವರಿಯಲ್ಲಿ ಪರೀಕ್ಷೆ ಮಾಡಿ, ಸುಣ್ಣವನ್ನು ಚೆನ್ನಾಗಿ ಕೆರೆಸಿ ತೆಗೆದು, ಆಮೇಲೆ ಪ್ರೈಮರ್, ಪುಟ್ಟಿ, ಪೇಂಟ್, ಕಪಾಟು, ನಿಮಗೆ ಬೇಕಾದ್ದು ಮಾಡಿ.

ಪರೀಕ್ಷೆಗೆ ಮೆಷಿನ್ ಬೇಕಿಲ್ಲ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಿ, ಗಾಳಿ ಹೋಗದ ಹಾಗೆ. ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಮಂಜು ಹಿಡಿದಿದ್ದರೆ ಅಥವಾ ಹನಿ ಕೂತಿದ್ದರೆ ಗೋಡೆ ಇನ್ನೂ ನೀರು ಬಿಡುತ್ತಿದೆ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಹಾಗಿದ್ದರೆ ಕಿಟಕಿ ತೆರೆಯಿರಿ, ಗೋಡೆಯನ್ನು ಬೈಯಬೇಡಿ. ಪ್ರತಿ ಕೋಣೆಯಲ್ಲೂ ಹೊರಗೋಡೆಗೆ ಒಂದು, ನೆಲದಿಂದ ಒಂದಡಿ ಮೇಲೆ ಇನ್ನೊಂದು ಹಾಕಿ ನೋಡಿ. ಇದು ಕೊನೆಯ ತೀರ್ಪಲ್ಲ, ಒಂದು ಸೂಚನೆ. ಅನುಮಾನ ಬಂದರೆ ನಿಮ್ಮ ಎಂಜಿನಿಯರಿಗೆ ತೋರಿಸಿ.

ಒಂದು ಎಚ್ಚರಿಕೆ. ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆ, ಅದರ ಪಕ್ಕದ ಬಾವಿ ನೀರಿನಲ್ಲಿ ಕಲಸಿದ, ಕ್ಯೂರಿಂಗ್ ಮಾಡಿದ ಮನೆಗಳಿಗೆ ನಾನು ಹೇಳಿದ್ದು ಪೂರ್ತಿ ಅನ್ವಯಿಸುವುದಿಲ್ಲ. ಉಪ್ಪು ಗೋಡೆಯೊಳಗೆ ಸೇರಿದರೆ ಅದು ಪ್ರತಿ ಮಳೆಗಾಲದಲ್ಲೂ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಅಂತ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮನೆ ಕಟ್ಟುವ ಮೊದಲೇ ನೀರು ಪರೀಕ್ಷೆ ಮಾಡಿಸಿ.

ಜನ ಯಾಕೆ ಅವಸರ ಮಾಡುತ್ತಾರೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಬ್ಯಾಂಕಿನ ಕಂತು ಶುರುವಾಗಿರುತ್ತದೆ, ಬಾಡಿಗೆಯೂ ಕಟ್ಟುತ್ತಿರುತ್ತಾರೆ. ಮುಂಬೈಯಲ್ಲೋ ಬೆಂಗಳೂರಲ್ಲೋ ಇರುವ ಮಗನಿಗೆ ಮೇ ತಿಂಗಳಲ್ಲಿ ಮಾತ್ರ ರಜೆ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ನೆಂಟರು ಬರುವುದರೊಳಗೆ ಎಲ್ಲ ಆಗಬೇಕು. ಜೀವಮಾನದಲ್ಲಿ ಒಂದು ಮನೆ ಕಟ್ಟುತ್ತಾರೆ, ಬಂದವರು ನೋಡಿ ಚೆಂದ ಇದೆ ಅನ್ನಲಿ ಅಂತ ಆಸೆ ಇರುತ್ತದೆ. ಅದರಲ್ಲಿ ತಪ್ಪೇನಿದೆ? ಗೃಹಪ್ರವೇಶ ಮುಂದೂಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಳಗೆ ಹೋಗಿ, ವಾಸ ಮಾಡಿ. ಗೋಡೆಗೆ ಅಂಟುವಂಥದ್ದನ್ನು ಮಾತ್ರ ಒಂದು ವರ್ಷ ಮುಂದೂಡಿ.

ಮುಂದೂಡಿದರೆ ಇನ್ನೊಂದು ಲಾಭವಿದೆ. ಇದನ್ನು ನಾನು ಅಂಕೋಲಾ ಕಡೆಯ ಒಂದು ಮನೆಯಲ್ಲಿ ನೋಡಿದೆ. ಗೃಹಪ್ರವೇಶಕ್ಕೆ ಮೊದಲೇ ಹಾಲ್‌ನಲ್ಲಿ ಜಿಪ್ಸಮ್ ಸೀಲಿಂಗ್, ಸುತ್ತ ಲೈಟು ಎಲ್ಲ ಆಗಿತ್ತು. ಚೌತಿಗೆ ಎರಡು ದಿನ ಮೊದಲು ಮನೆಯ ಯಜಮಾನರು ಫೋನ್ ಮಾಡಿದರು. ಗಣಪತಿಯ ಮೇಲೆ ಕಾಯಿ-ಹಣ್ಣು ತೂಗಿಬಿಡುವ ಫಲಾವಳಿ ಕಟ್ಟಲು ಮೇಲೆ ಒಂದು ಕೊಂಡಿಯೂ ಇಲ್ಲ. ಸ್ಲ್ಯಾಬ್ ಹಾಕುವಾಗ ನಾವು ಬಿಟ್ಟಿದ್ದ ಕೊಂಡಿಗಳನ್ನು ಸೀಲಿಂಗ್‌ನವರು ಅಡ್ಡ ಬರುತ್ತದೆ ಅಂತ ಕತ್ತರಿಸಿ ಹಾಕಿದ್ದರು. ಫಲಾವಳಿ ಅಂದರೆ ಸಣ್ಣ ಭಾರವೇ? ಮರದ ಚೌಕಟ್ಟು, ತೆಂಗಿನಕಾಯಿ, ಅಡಿಕೆ ಗೊನೆ, ಸೌತೆಕಾಯಿ, ಮಾದಲ. ಜಿಪ್ಸಮ್ ಹಲಗೆ ಅದನ್ನು ಹೊರುವುದಿಲ್ಲ. ಕಡೆಗೆ ನಾಲ್ಕು ಕಡೆ ಸೀಲಿಂಗ್ ಕೊರೆದು ಸ್ಲ್ಯಾಬಿಗೆ ಆ್ಯಂಕರ್ ಹಾಕಬೇಕಾಯಿತು. ಆ ಮನೆಯ ಅಜ್ಜಿ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಒಂದು ಚೌತಿ, ಒಂದು ದೀಪಾವಳಿ, ಒಂದು ಮಳೆಗಾಲ ಆ ಮನೆಯಲ್ಲಿ ಕಳೆದಿದ್ದರೆ ಗಣಪತಿ ಎಲ್ಲಿ ಕೂರುತ್ತಾನೆ, ಫಲಾವಳಿ ಎಲ್ಲಿಂದ ಇಳಿಯುತ್ತದೆ ಅಂತ ಸೀಲಿಂಗ್‌ಗೆ ಮೊದಲೇ ಗೊತ್ತಾಗುತ್ತಿತ್ತು.

ಕುಮಟಾ ಹತ್ತಿರ ಒಬ್ಬರು ನಿವೃತ್ತ ಅಕ್ಕೋರು (ಶಾಲೆಯ ಟೀಚರ್) ಇದ್ದಾರೆ. ಮೊದಲ ವರ್ಷ ಹಳೇ ಮನೆಯ ಮಂಚ, ಕಬ್ಬಿಣದ ಗೋದ್ರೇಜ್ ಕಪಾಟು, ನಾಲ್ಕು ಕುರ್ಚಿ, ಇಷ್ಟರಲ್ಲೇ ಇದ್ದರು. ನೆಂಟರು ಕೇಳಿದರೆ "ಮನೆ ಒಣಗ್ತಾ ಇದೆ" ಅಂತ ನೇರ ಹೇಳುತ್ತಿದ್ದರು. ಕುರ್ಚಿಯನ್ನು ಅಲ್ಲಿಂದಿಲ್ಲಿಗೆ ಎಳೆದು, ಯಾವ ಕಿಟಕಿ ಮಳೆಯಲ್ಲಿ ತೆರೆದಿಡಬಹುದು, ಯಾವುದರಿಂದ ಎರಚಲು ಬರುತ್ತದೆ, ಮಧ್ಯಾಹ್ನ ಓದಲು ಬೆಳಕು ಎಲ್ಲಿದೆ, ಎಲ್ಲ ನೋಡಿಟ್ಟುಕೊಂಡರು. ಜನವರಿಯಲ್ಲಿ ಆಚಾರಿಯನ್ನು ಕರೆಸಿದಾಗ ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ನಾನು ಹಾಕಿದ್ದ ನಕ್ಷೆಯಲ್ಲಿ ವಾರ್ಡ್‌ರೋಬ್ ಜಾಗ ಬದಲಾಯಿತು, ಪುಸ್ತಕದ ಕಪಾಟು ಅಡುಗೆಮನೆಯ ಒಳಗೋಡೆಗೆ ಬಂತು. ಅಲ್ಲಿ ಒಲೆಯ ಬಿಸಿಗೆ ಗೋಡೆ ಬೆಚ್ಚಗಿರುತ್ತದಂತೆ. ಈಗ ಆ ಮನೆಗೆ ಹೋದರೆ ಅದು ಅವರದೇ ಮನೆ ಅಂತ ಬಾಗಿಲಲ್ಲೇ ತಿಳಿಯುತ್ತದೆ. ನನಗೆ ಬಹಳ ಇಷ್ಟವಾದ ಮನೆ ಅದು.

ಕಪಾಟಿನ ಬಗ್ಗೆ ಒಂದೆರಡು ಮಾತು. ಸಾಧ್ಯವಾದಷ್ಟು ಒಳಗೋಡೆಗೆ ಮಾಡಿಸಿ. ಹೊರಗೋಡೆಗೇ ಬೇಕೆಂದರೆ ಹಿಂದೆ ಎರಡು ಇಂಚು ಜಾಗ ಬಿಟ್ಟು, ಕೆಳಗೆ ಮೇಲೆ ಗಾಳಿ ಓಡುವ ಹಾಗೆ ಮಾಡಿ. "ಮರೈನ್ ಪ್ಲೈ ಹಾಕಿದೀವಿ ಸರ್, ಏನೂ ಆಗಲ್ಲ" ಅನ್ನುತ್ತಾರೆ. ಮರೈನ್ ಪ್ಲೈಗಿರುವ ಭಾರತೀಯ ಮಾನಕ ಐಎಸ್ 710, ಆ ಗುರುತಿನ ಪ್ಲೈ ಒಳ್ಳೆಯದೇ. ಅದರ ಪದರ ನೀರಿಗೆ ಬಿಡುವುದಿಲ್ಲ. ಆದರೆ ಬೂಷ್ಟು ಬರುವುದು ನಿಮ್ಮ ರೇಷ್ಮೆ ಸೀರೆಗೆ, ಪ್ಲೈಗಲ್ಲ. ಗಾಳಿಯಾಡದ ಒದ್ದೆ ಕತ್ತಲಲ್ಲಿ ಯಾವ ಪ್ಲೈ ಇದ್ದರೂ ಬೂಷ್ಟು ಬಂದೇ ಬರುತ್ತದೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ನಮ್ಮ ಕರಾವಳಿಗೆ ಬೇಡವೇ ಬೇಡ.

ಬಟ್ಟೆ ಒಣಗಿಸುವ ಜಾಗವನ್ನೂ ಈ ಮೊದಲ ಮಳೆಗಾಲದಲ್ಲೇ ಹುಡುಕಿಕೊಳ್ಳಿ. ಹಳೇ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ, ಅಟ್ಟದ ಬೆಚ್ಚಗಿನಲ್ಲಿ ಬಟ್ಟೆ ಒಣಗುತ್ತಿತ್ತು. ಈಗ ಬೆಡ್‌ರೂಮಿನಲ್ಲಿ ಹಗ್ಗ ಕಟ್ಟಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕುತ್ತಾರೆ. ಬಟ್ಟೆಯ ನೀರೆಲ್ಲ ಅದೇ ಕೋಣೆಯ ಗಾಳಿಗೆ, ಅಲ್ಲಿಂದ ಗೋಡೆಗೆ. ಆಮೇಲೆ ಲೀಕ್ ಅಂತ ಫೋನ್.

ಹೊಸ ಮನೆ ಬೋಳಾಗಿ ಕಾಣುತ್ತದೆ ಅನ್ನುವವರು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಒಮ್ಮೆ ನಿಂತು ನೋಡಿ. ಬಿಳಿ ಸುಣ್ಣದ ಗಾರೆ, ಕೆಮ್ಮಣ್ಣಿನ ಬಣ್ಣ, ಎರಡೇ. ಉಸಿರಾಡುವ ಗೋಡೆಯ ಮೇಲೆ ಎಷ್ಟು ಚೆಂದ ಮಾಡಬಹುದು ಅಂತ ಗೊತ್ತಾಗುತ್ತದೆ. ನಿಮ್ಮ ಸುಣ್ಣದ ಗೋಡೆಯ ಬುಡಕ್ಕೂ ಒಂದು ಕೆಮ್ಮಣ್ಣಿನ ಪಟ್ಟಿ ಎಳೆಸಿ ನೋಡಿ. ಒಂದು ವರ್ಷಕ್ಕೆ ಧಾರಾಳ ಸಾಕು.

ಇನ್ನು ನಿಜವಾದ ಲೀಕ್ ಇರುವುದೇ ಇಲ್ಲವೇ? ಇರುತ್ತದೆ. ಅದನ್ನು ಗುರುತಿಸುವುದು ಹೀಗೆ. ಒದ್ದೆ ಕಲೆ ಕಂಡ ದಿನ ಅದರ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ದೊಡ್ಡ ಮಳೆ ಬಂದ ಮಾರನೇ ದಿನ ಕಲೆ ಗೆರೆ ದಾಟಿದ್ದರೆ, ಎರಡು ದಿನ ಮಳೆ ಬಿಟ್ಟು ಹೊಳವಾದಾಗ ಚಿಕ್ಕದಾದರೆ, ಹೊರಗಿಂದ ನೀರು ಬರುತ್ತಿದೆ. ಮಳೆ ಬಂದರೂ ಬಿಟ್ಟರೂ ಒಂದೇ ಸಮ ಬೆಳೆಯುತ್ತಿದ್ದರೆ ಪೈಪ್ ನೋಡಿಸಿ. ನೆಲದಿಂದ ಎರಡು ಮೂರು ಅಡಿವರೆಗೆ ಪಟ್ಟಿಯ ಹಾಗೆ ಏರಿದ್ದರೆ ಬುನಾದಿಯ ತೇವ ಇರಬಹುದು. ಈ ಮೂರರಲ್ಲಿ ಯಾವುದು ಕಂಡರೂ ಮಳೆಗಾಲ ಮುಗಿಯಲಿ ಅಂತ ಕಾಯಬೇಡಿ. ಗೆರೆ, ತಾರೀಕು ಕಾಣುವ ಹಾಗೆ ಫೋಟೋ ತೆಗೆದು ಎಂಜಿನಿಯರಿಗೆ ಕಳಿಸಿ, ಮಳೆ ಬೀಳುತ್ತಿರುವಾಗಲೇ ಬಂದು ನೋಡಲು ಹೇಳಿ. ಒಣಗಿದ ಮೇಲೆ ಬಂದರೆ ನೀರು ಎಲ್ಲಿಂದ ಬಂತು ಅಂತ ನಮಗೂ ಸಿಗುವುದಿಲ್ಲ.